ರಜೆ ‘ಹಾಕು’ವವರಿಗೆ ‘ಟೇಕ್’ ಪಾಠ

‘ಬಸ್ ತೆಗೆದುಕೊಂಡು ಮೈಸೂರಿಗೆ ಹೋದೆ’ ಎಂದು ಯಾರ ಮುಂದಾದರೂ ಹೇಳಿ ನೋಡಿ. ಎಷ್ಟು ಲಕ್ಷ ಆಯಿತು, ಪರ್ಮಿಟ್ ಸಿಕ್ಕಿತೇ ಎಂದು ಕೇಳಿಯಾರು. ಕನ್ನಡದಲ್ಲಿ ನಾವು ಬಸ್ ಹಿಡಿಯುತ್ತೇವೆ. ತೆಗೆದುಕೊಳ್ಳುವವರು ಟ್ರಾವೆಲ್ಸ್ ನಡೆಸುವವರು. ಇಂಗ್ಲಿಷಿನವರು ಮಾತ್ರ ಯಾವ ಅಳುಕೂ ಇಲ್ಲದೆ ‘ಟೇಕ್ ಎ ಬಸ್’ ಎನ್ನುತ್ತಾರೆ. ಫೋಟೊಕ್ಕೂ ಅದೇ ಟೇಕ್, ಮಾತ್ರೆಗೂ ಅದೇ ಟೇಕ್, ಮಧ್ಯಾಹ್ನದ ಜೊಂಪಿಗೂ ಅದೇ.

ನನ್ನ ಅಕ್ಕನ ಮಗ ಹೊಸದಾಗಿ ಕೆಲಸಕ್ಕೆ ಸೇರಿದಾಗ ವಿದೇಶದಲ್ಲಿದ್ದ ಮೇಲಧಿಕಾರಿಗೆ ‘ಐ ಆ್ಯಮ್ ಪುಟಿಂಗ್ ಲೀವ್ ಟುಮಾರೊ’ ಎಂದು ಇಮೇಲ್ ಕಳುಹಿಸಿದ. ‘ಎಲ್ಲಿ ಇಡುತ್ತೀಯ?’ ಎಂದು ಉತ್ತರ ಬಂತು. ತಮಾಷೆಯೋ ನಿಜವಾದ ಗೊಂದಲವೋ ತಿಳಿಯದೆ ಅವನು ನನಗೆ ಫೋನ್ ಮಾಡಿದ. ‘ಚಿಕ್ಕಮ್ಮ, ಇಂಗ್ಲಿಷಿನಲ್ಲಿ ರಜೆ ಹಾಕುವುದಿಲ್ಲವೇ?’ ಹಾಕುವುದಿಲ್ಲ. ಅಲ್ಲಿ ರಜೆಯನ್ನು ‘ಟೇಕ್’ ಮಾಡಬೇಕು. ಅವನಿಗೆ ಅಂದು ಹೇಳಿಕೊಟ್ಟದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಕ್ರಿಯಾಪದವನ್ನು ಅನುವಾದಿಸುವುದನ್ನು ಬಿಡಿ

ಟೇಕ್ ಎಂದರೆ ‘ತೆಗೆದುಕೊಳ್ಳು’ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಕೈಗೆ ಸಿಗುವ ವಸ್ತುವಿನ ಮಟ್ಟಿಗೆ ಅದು ನಿಜ. ನಾಮಪದವೊಂದರ ಜೊತೆ ಜೋಡಿಯಾಗಿ ಬಂದಾಗ ಮಾತ್ರ ಟೇಕ್‌ಗೆ ಸ್ವಂತ ಅರ್ಥ ಹೆಚ್ಚೇನೂ ಉಳಿಯುವುದಿಲ್ಲ. ಇಂಥ ಕ್ರಿಯಾಪದಗಳನ್ನು ಡೆನ್ಮಾರ್ಕಿನ ಭಾಷಾಶಾಸ್ತ್ರಜ್ಞ ಒಟ್ಟೊ ಯೆಸ್ಪರ್ಸನ್ ‘ಹಗುರ’ ಎಂದು ಕರೆದರು. ಭಾರವೆಲ್ಲ ನಾಮಪದದ ಮೇಲಿರುತ್ತದೆ. ಕ್ರಿಯಾಪದ ಕಾಲವನ್ನು ಹೊತ್ತುಕೊಂಡು ಹಿಂದೆ ಬರುತ್ತದೆ. ನಮ್ಮಲ್ಲಿ ಊಟ ಮಾಡು, ಸ್ನಾನ ಮಾಡು, ಫೋನ್ ಮಾಡು ಎನ್ನುವಾಗ ‘ಮಾಡು’ ಎಷ್ಟು ಹಗುರವೋ ಅಷ್ಟು.

ಈಗ ಕನ್ನಡದ ಕಡೆ ತಿರುಗಿ. ರಜೆ ಹಾಕು, ಸಾಲ ಎತ್ತು, ಉಸಿರು ಎಳೆದುಕೊ, ಸೇಡು ತೀರಿಸಿಕೊ, ಪರೀಕ್ಷೆ ಬರೆ, ಬಸ್ ಹಿಡಿ, ಮಾತ್ರೆ ನುಂಗು, ಫೋಟೊ ತೆಗೆ. ಎಂಟು ನಾಮಪದಗಳಿಗೆ ಎಂಟು ಬೇರೆ ಬೇರೆ ಕ್ರಿಯಾಪದಗಳು. ಇಂಗ್ಲಿಷಿನಲ್ಲಿ ಈ ಎಂಟಕ್ಕೂ ಒಂದು ಟೇಕ್ ಸಾಕು. ಸಾಲಕ್ಕೆ ಯಾಕೆ ‘ಎತ್ತು’ ಎಂದು ನಮಗೆ ಯಾರೂ ವಿವರಿಸಿರಲಿಲ್ಲ. ಮನೆಯಲ್ಲಿ ದೊಡ್ಡವರು ಸಾಲ ಎತ್ತಿದ್ದನ್ನು ಕೇಳಿ ಕಲಿತೆವು. ಇಂಗ್ಲಿಷನ್ನೂ ಹಾಗೆಯೇ, ಜೋಡಿಯಾಗಿಯೇ ಕಲಿಯಬೇಕು.

ಅಂದ ಹಾಗೆ, ಈ ಟೇಕ್ ಇಂಗ್ಲಿಷಿನ ಮನೆಮಗಳಲ್ಲ, ಸೊಸೆ. ಸಾವಿರ ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ನೆಲೆಸಿದ ವೈಕಿಂಗರ ನಾರ್ಸ್ ಭಾಷೆಯ ‘ತಾಕಾ’ ಅದರ ಮೂಲ. ಅದಕ್ಕೂ ಮೊದಲು ಅಲ್ಲಿದ್ದ ಪದ ‘ನಿಮನ್’. ಜರ್ಮನ್ನಿನ ‘ನೇಮೆನ್’ ಅದರ ದಾಯಾದಿ. ಸೊಸೆ ಬಂದಳು, ಮನೆ ಅವಳದಾಯಿತು. ಹಳೆಯ ಪದದ ಕುರುಹು ‘ನಂಬ್’ನಲ್ಲಿ ಉಳಿದಿದೆ. ಮರಗಟ್ಟಿದ ಕಾಲನ್ನು ಬಣ್ಣಿಸುವ ಆ ಪದಕ್ಕೆ ಮೂಲದಲ್ಲಿ ‘ತೆಗೆದುಕೊಳ್ಳಲ್ಪಟ್ಟ’ ಎಂದೇ ಅರ್ಥ.

ಎರಡನೆಯ ಹೆಜ್ಜೆ: ನಾಮಪದಗಳನ್ನು ಗುಂಪು ಮಾಡಿ

ಟೇಕ್‌ನ ಜೊತೆ ಹೋಗುವ ನಾಮಪದಗಳನ್ನು ಒಟ್ಟಿಗೆ ಸುರಿದುಕೊಂಡರೆ ತಲೆ ಕೆಡುತ್ತದೆ. ಗುಂಪು ಮಾಡಿದರೆ ಅರ್ಧ ಕೆಲಸ ಮುಗಿದಂತೆ.

ದೊಡ್ಡ ಗುಂಪು ಚುಟುಕು ಕೆಲಸಗಳದು: ವಾಕ್, ಲುಕ್, ನ್ಯಾಪ್, ಬ್ರೇಕ್, ಸ್ಟೆಪ್. ಇವುಗಳಲ್ಲಿ ಹೆಚ್ಚಿನವನ್ನು ಗುರುತಿಸುವುದು ಸುಲಭ. ಟೇಕ್ ತೆಗೆದರೂ ಆ ನಾಮಪದವೇ ಕ್ರಿಯಾಪದವಾಗಿ ನಿಲ್ಲುತ್ತದೆ. ಹಾಗಾದರೆ ಬರೀ ‘ಲುಕ್’ ಎನ್ನದೆ ‘ಟೇಕ್ ಎ ಲುಕ್’ ಎನ್ನುವುದೇಕೆ? ಕೆಲಸಕ್ಕೆ ಅಂಚು ಕಟ್ಟುವುದಕ್ಕೆ. ‘ನೋಡಿ’ ಮತ್ತು ‘ಒಮ್ಮೆ ನೋಡಿ’ ಇವೆರಡರ ನಡುವಿನ ವ್ಯತ್ಯಾಸವೇ ಅದು. ಕೇಳುವವರಿಗೆ ಹೆಚ್ಚು ಹೊತ್ತಿನ ಕೆಲಸವಲ್ಲ ಎನ್ನಿಸುತ್ತದೆ, ಮಾತೂ ಮೃದುವಾಗುತ್ತದೆ. ಆದರೆ ಹರಟೆಗೂ ಜಗಳಕ್ಕೂ ಟೇಕ್ ಒಗ್ಗುವುದಿಲ್ಲ. ಅವಕ್ಕೆ ‘ಹ್ಯಾವ್’ ಬೇಕು. ಸ್ನಾನದ ವಿಷಯದಲ್ಲಿ ಅವರಲ್ಲೇ ಒಮ್ಮತವಿಲ್ಲ: ಅಮೆರಿಕದವರು ‘ಟೇಕ್ ಎ ಬಾತ್’ ಎಂದರೆ ಬ್ರಿಟನ್ನಿನವರು ಸಾಮಾನ್ಯವಾಗಿ ‘ಹ್ಯಾವ್ ಎ ಬಾತ್’ ಎನ್ನುತ್ತಾರೆ. ನಿರ್ಧಾರದ ಕಥೆ ತಿರುಗುಮುರುಗು. ‘ಟೇಕ್ ಎ ಡಿಸಿಷನ್’ ಬ್ರಿಟನ್ನಿನಲ್ಲಿ ನಡೆಯುತ್ತದೆ, ಅಮೆರಿಕದಲ್ಲಿ ‘ಮೇಕ್’ ಎನ್ನುವುದೇ ವಾಡಿಕೆ. (ನಮ್ಮ ಸುದ್ದಿಮನೆಗಳು ‘ನಿರ್ಧಾರವನ್ನು ತೆಗೆದುಕೊಂಡರು’ ಎಂದು ಬರೆಯುವುದನ್ನು ಬಿಟ್ಟು ‘ನಿರ್ಧರಿಸಿದರು’ ಎಂದರೆ ಕಾಗದವಾದರೂ ಉಳಿದೀತು.)

ಎರಡನೆಯ ಗುಂಪು ದಾಖಲಿಸುವುದಕ್ಕೆ ಸಂಬಂಧಿಸಿದ್ದು: ಫೋಟೊ, ನೋಟ್ಸ್, ಜ್ವರದ ಉಷ್ಣತೆ, ದರ್ಜಿಯ ಅಳತೆ. ಹೊರಗಿನಿಂದ ಬಂದದ್ದನ್ನು ಒಪ್ಪಿಕೊಳ್ಳುವ ಮಾತುಗಳು ಮೂರನೆಯ ಗುಂಪು: ಸಲಹೆ, ಆಜ್ಞೆ, ಹೊಣೆ, ಆಪಾದನೆ. ಇನ್ನೊಂದು ಗುಂಪಿನಲ್ಲಿ ಕರ್ತೃ ಮನುಷ್ಯನಲ್ಲ, ಕೆಲಸ. ‘ಇಟ್ ಟೇಕ್ಸ್ ಟೈಮ್’ ಎಂದರೆ ಸಮಯ ಹಿಡಿಯುತ್ತದೆ. ಧೈರ್ಯ, ತಾಳ್ಮೆ ಬಂದಾಗ ಕನ್ನಡದಲ್ಲಿ ‘ಬೇಕು’ ಎನ್ನುತ್ತೇವೆ. ವಾಹನಗಳದ್ದು ಚಿಕ್ಕ ಗುಂಪು. ಅಲ್ಲಿ ‘ಕ್ಯಾಚ್’ ಕೂಡ ಸರಿಯೇ, ಆದರೆ ಅದರಲ್ಲಿ ಹೊತ್ತಿಗೆ ಸರಿಯಾಗಿ ಹೋಗಿ ಹತ್ತಿದ ಭಾವವಿದೆ. ದಿನವೂ ಯಾವುದರಲ್ಲಿ ಹೋಗುತ್ತೀರಿ ಎಂದು ಕೇಳಿದರೆ ಉತ್ತರ ಟೇಕ್‌ನಲ್ಲಿರಲಿ.

ಮೂರನೆಯ ಹೆಜ್ಜೆ: ನಾವು ಎಡವುವ ಜಾಗಗಳನ್ನು ಗುರುತು ಹಾಕಿಕೊಳ್ಳಿ

ಪರೀಕ್ಷೆಯಿಂದ ಶುರು ಮಾಡೋಣ. ನಾವು ಪರೀಕ್ಷೆ ಬರೆಯುತ್ತೇವೆ, ಹಿಂದಿಯವರು ಕೊಡುತ್ತಾರೆ. ಹಾಗಾಗಿ ‘ರೈಟ್’ ಮತ್ತು ‘ಗಿವ್’ ಎರಡೂ ನಮ್ಮ ಇಂಗ್ಲಿಷಿಗೆ ನುಗ್ಗಿವೆ. ‘ರೈಟ್’ ಕೆನಡಾದಲ್ಲೂ ಚಲಾವಣೆಯಲ್ಲಿದೆ, ಭಯವಿಲ್ಲ. ‘ಐ ಗೇವ್ ದ ಎಕ್ಸಾಮ್’ ಎಂದರೆ ಮಾತ್ರ ಹೊರದೇಶದವರ ಕಿವಿಗೆ ನೀವೇ ಪ್ರಶ್ನೆಪತ್ರಿಕೆ ಹಂಚಿದಂತೆ. ‘ಟೇಕ್’ ಎಲ್ಲ ಕಡೆಯೂ ಸಲ್ಲುತ್ತದೆ.

ತರಗತಿಯದ್ದು ಇನ್ನೂ ಸೂಕ್ಷ್ಮ. ನಮ್ಮಲ್ಲಿ ಮೇಷ್ಟರು ಕ್ಲಾಸ್ ತೆಗೆದುಕೊಳ್ಳುತ್ತಾರೆ. ಅಮೆರಿಕದಲ್ಲಿ ಕ್ಲಾಸ್ ‘ಟೇಕ್’ ಮಾಡುವವನು ವಿದ್ಯಾರ್ಥಿ. ಹತ್ತು ವರ್ಷ ಪಾಠ ಹೇಳಿದ ಉಪನ್ಯಾಸಕಿ ಅಲ್ಲಿನ ವಿಶ್ವವಿದ್ಯಾಲಯಕ್ಕೆ ಅರ್ಜಿ ಬರೆಯುವಾಗ ‘ಟೇಕ್’ ಬಳಸಿದರೆ ಹತ್ತು ವರ್ಷ ಬೆಂಚಿನ ಮೇಲೆ ಕುಳಿತವಳಾಗಿಬಿಡುತ್ತಾಳೆ. ‘ಟೀಚ್’ ಎಂದು ಬರೆಯಲಿ.

ಊಟವೂ ಹಾಗೆಯೇ. ‘ಡಿಡ್ ಯು ಟೇಕ್ ಯುವರ್ ಲಂಚ್?’ ಎಂದರೆ ಡಬ್ಬಿ ಒಯ್ದೆಯಾ ಎಂಬ ಅರ್ಥವೇ ಮೊದಲು ಹೊಳೆಯುತ್ತದೆ. ಊಟ ಆಯಿತೇ ಎಂದು ಕೇಳಬೇಕಿದ್ದರೆ ‘ಹ್ಯಾವ್’ ಬಳಸಿ. ಮಾತ್ರೆಯನ್ನು ಅವರು ತಿನ್ನುವುದಿಲ್ಲ, ಸಿರಪ್ಪನ್ನೂ ಸಾಮಾನ್ಯವಾಗಿ ಕುಡಿಯುವುದಿಲ್ಲ, ಎರಡನ್ನೂ ‘ಟೇಕ್’ ಮಾಡುತ್ತಾರೆ. ‘ಟೇಕ್ ಟೆನ್ಷನ್’ ನಮ್ಮ ದೇಶದ ಸ್ವಂತ ತಯಾರಿ. ನನಗೆ ಅದು ಇಷ್ಟವೇ, ಆದರೆ ವಿಮಾನ ಹತ್ತಿಸಬೇಡಿ.

ನಾಲ್ಕನೆಯ ಹೆಜ್ಜೆ: ಸುತ್ತಲಿನ ಸಣ್ಣ ಪದಗಳು

ಕನ್ನಡದಲ್ಲಿ ‘ಎ’, ‘ದ’ಗಳ ಕಾಟವಿಲ್ಲ. ಆದ್ದರಿಂದ ‘ಟೇಕ್ ರೆಸ್ಟ್’, ‘ಟೇಕ್ ಬಾತ್’ ಎಂದು ಬಾಯಿಗೆ ಬರುತ್ತದೆ. ಎರಡಕ್ಕೂ ನಡುವೆ ‘ಎ’ ಬೇಕು. ಆದರೆ ‘ಟೇಕ್ ಪ್ಲೇಸ್’, ‘ಟೇಕ್ ಪಾರ್ಟ್’, ‘ಟೇಕ್ ಕೇರ್’ಗಳಲ್ಲಿ ‘ಎ’ ನುಸುಳಬಾರದು. ‘ನೋಟ್ಸ್’, ‘ಟರ್ನ್ಸ್’ ಬಹುವಚನದಲ್ಲೇ ಬರುತ್ತವೆ. ಬಾಲವನ್ನೂ ಮರೆಯಬೇಡಿ: ಪಾರ್ಟ್‌ಗೆ ‘ಇನ್’, ಕೇರ್‌ಗೆ ‘ಆಫ್’. ಇದಕ್ಕೆ ನಿಯಮ ಹುಡುಕುತ್ತ ಕೂರಬೇಡಿ, ಇಡೀ ತುಂಡನ್ನೇ ನೆನಪಿಡಿ. ‘ಟೇಕ್ ಪಾರ್ಟ್’ಗೆ ನಮ್ಮಲ್ಲೇ ಅಚ್ಚುಕಟ್ಟಾದ ಜೋಡಿಯಿದೆ: ಪಾಲು ಮತ್ತು ಕೊಳ್ಳು ಸೇರಿ ‘ಪಾಲ್ಗೊಳ್ಳು’.

ಐದನೆಯ ಹೆಜ್ಜೆ: ಪುಸ್ತಕ ಇಡಿ, ಆದರೆ ತಲೆಕೆಳಗಾಗಿ

ಹೆಚ್ಚಿನವರು ‘ಟೇಕ್’ ಎಂದು ತಲೆಬರಹ ಹಾಕಿ ಕೆಳಗೆ ಐವತ್ತು ಪದ ಬರೆಯುತ್ತಾರೆ. ಅದು ಉಪಯೋಗಕ್ಕೆ ಬಾರದು. ಮಾತನಾಡುವಾಗ ನಮಗೆ ಮೊದಲು ಹೊಳೆಯುವುದು ನಾಮಪದ, ತಡಕಾಡುವುದು ಕ್ರಿಯಾಪದಕ್ಕಾಗಿ. ಆದ್ದರಿಂದ ಎಡಗಡೆ ನಾಮಪದ, ನಡುವೆ ಕನ್ನಡದ ಕ್ರಿಯಾಪದ, ಬಲಗಡೆ ಇಂಗ್ಲಿಷಿನದು. ‘ಲೀವ್’ ಎದುರು ‘ಹಾಕು’, ಅದರಾಚೆ ‘ಟೇಕ್, ಆ್ಯಪ್ಲೈ ಫಾರ್’. ‘ಲೋನ್’ ಎದುರು ‘ಎತ್ತು’, ಅದರಾಚೆ ‘ಟೇಕ್ ಔಟ್’. ನಿಘಂಟು ತೆರೆದಾಗಲೂ ಟೇಕ್‌ನ ಕಾಡಿಗೆ ಹೋಗಬೇಡಿ, ನಾಮಪದದ ಪುಟ ತೆರೆಯಿರಿ. ಕಲಿಯುವವರಿಗೆಂದು ಮಾಡಿದ ನಿಘಂಟುಗಳು ಅದರ ಜೊತೆಗಾರರನ್ನು ಅಲ್ಲೇ ಕೊಡುತ್ತವೆ. ಇನ್ನೂ ಸಂಶಯವಿದ್ದರೆ ಬ್ರಿಟನ್ನಿನವರ ಬರಹ, ಮಾತುಗಳಿಂದ ಆಯ್ದ ಸುಮಾರು 10 ಕೋಟಿ ಪದಗಳ ಸಂಗ್ರಹ ‘ಬ್ರಿಟಿಷ್ ನ್ಯಾಷನಲ್ ಕಾರ್ಪಸ್’ ಅಂತರ್ಜಾಲದಲ್ಲಿದೆ. ನಿಮ್ಮ ಜೋಡಿಯನ್ನು ಅದರಲ್ಲಿ ಹುಡುಕಿ, ಸಿಕ್ಕ ನಾಲ್ಕು ವಾಕ್ಯಗಳನ್ನು ಗಟ್ಟಿಯಾಗಿ ಓದಿ. ವಾರಕ್ಕೊಮ್ಮೆ ಬಲಗಡೆಯ ಸಾಲನ್ನು ಅಂಗೈಯಿಂದ ಮುಚ್ಚಿ ಪರೀಕ್ಷಿಸಿಕೊಳ್ಳಿ.

ಅಕ್ಕನ ಮಗನೂ ಹೀಗೊಂದು ಪುಸ್ತಕ ಇಟ್ಟಿದ್ದಾನೆ. ದೀಪಾವಳಿಗೆ ಊರಿಗೆ ಬರಲು ಮೂರು ದಿನದ ರಜೆ ಕೇಳಿ ಬರೆದ ಇಮೇಲನ್ನು ಕಳುಹಿಸುವ ಮೊದಲು ನನಗೂ ತೋರಿಸಿದ. ಲೀವ್, ಟೇಕ್, ಎಲ್ಲವೂ ತಮ್ಮ ತಮ್ಮ ಜಾಗದಲ್ಲಿದ್ದವು. ಒಂದು ದಿನ ಮಂಜೂರಾಯಿತು.