ಕ್ಲಬ್‌ಗಳು ಬೇಗ ಮುಚ್ಚಿದರೆ ಊರಿನ ರಾತ್ರಿ ಏನಾಗುತ್ತದೆ? ನೀವೇ ಲೆಕ್ಕ ಹಾಕುವುದು ಹೀಗೆ

ನಿಮ್ಮ ನಗರದಲ್ಲಿ ನೈಟ್‌ಕ್ಲಬ್‌ಗಳನ್ನು ಒಂದೆರಡು ಗಂಟೆ ಮೊದಲೇ ಮುಚ್ಚಿಸಬೇಕು ಅಂತ ಮಾತು ಶುರುವಾಗಿದೆ ಅಂದುಕೊಳ್ಳಿ. ಒಂದು ಕಡೆಯವರು ಗಲಾಟೆ ನಿಲ್ಲುತ್ತದೆ ಅನ್ನುತ್ತಾರೆ, ಇನ್ನೊಂದು ಕಡೆಯವರು ಊರಿನ ಕಳೆಯೇ ಹೋಗುತ್ತದೆ ಅನ್ನುತ್ತಾರೆ. ಎರಡರಲ್ಲೂ ನಿಜ ಇದೆ. ನಿಮ್ಮಲ್ಲಿ ಯಾವುದು ಎಷ್ಟು ನಿಜ ಅನ್ನೋದು ಮಾತ್ರ ಕೂತು ಲೆಕ್ಕ ಹಾಕದೆ ಗೊತ್ತಾಗುವುದಿಲ್ಲ. ನೀವು ಕ್ಲಬ್ ನಡೆಸುವವರಾಗಿರಲಿ, ಡಿಜೆ ಆಗಿರಲಿ, ಪಕ್ಕದ ಬೀದಿಯಲ್ಲಿ ನಿದ್ದೆಗೆಟ್ಟು ಒದ್ದಾಡುವವರಾಗಿರಲಿ, ಮಾಡಬೇಕಾದ ಕೆಲಸ ಒಂದೇ.

ಮೊದಲು ಆದೇಶವನ್ನು ಪೂರ್ತಿ ಓದಿ. ಸುದ್ದಿಯಲ್ಲಿ ಬಂದ ಒಂದು ಸಾಲು ಸಾಲದು. ಹೊಸಬರನ್ನು ಒಳಗೆ ಬಿಡುವುದು ಯಾವಾಗ ನಿಲ್ಲುತ್ತದೆ, ಕೊನೆಯ ಡ್ರಿಂಕ್ ಯಾವಾಗ, ಸಂಗೀತ ಯಾವಾಗ ನಿಲ್ಲಬೇಕು, ಬಾಗಿಲು ಯಾವಾಗ ಹಾಕಬೇಕು, ಇವೆಲ್ಲ ಬೇರೆ ಬೇರೆ ನಿಯಮಗಳು, ಪರಿಣಾಮವೂ ಬೇರೆ ಬೇರೆ. ಸಿಡ್ನಿಯಲ್ಲಿ 2014ರ ಫೆಬ್ರವರಿಯಲ್ಲಿ ನಗರದ ನಡುಭಾಗಕ್ಕೆ ಮತ್ತು ಕಿಂಗ್ಸ್ ಕ್ರಾಸ್ ಪ್ರದೇಶಕ್ಕೆ ತಂದ ನಿಯಮ ನೋಡಿ. ರಾತ್ರಿ 1.30ರ ನಂತರ ಹೊಸಬರಿಗೆ ಪ್ರವೇಶವಿಲ್ಲ, 3 ಗಂಟೆಗೆ ಕೊನೆಯ ಡ್ರಿಂಕ್. ಕೇಳೋಕೆ ಎರಡನೆಯದೇ ಬಿಗಿ ಅನ್ನಿಸುತ್ತದೆ. ಆದರೆ ಒಂದು ಕ್ಲಬ್ಬಿನಿಂದ ಇನ್ನೊಂದಕ್ಕೆ ನಡೆದುಹೋಗುವ ಜನರ ಮೇಲೆ ಬದುಕುವ ಜಾಗಗಳಿಗೆ ಮೊದಲ ನಿಯಮವೇ ದೊಡ್ಡ ಪೆಟ್ಟು. ಅಲ್ಲೇ ಒಳಗಿದ್ದವರು ಉಳಿಯುತ್ತಾರೆ, ಬೀದಿಯಲ್ಲಿ ಓಡಾಡುತ್ತಿದ್ದವರು ಮನೆಗೆ ಹೋಗುತ್ತಾರೆ.

ಆಮೇಲೆ ದುಡ್ಡಿನ ವಿಷಯ. ಇಲ್ಲಿ ಹೆಚ್ಚಿನವರು ಎಡವುವುದು ಗಂಟೆಗಳನ್ನು ಸಮ ಅಂತ ಎಣಿಸಿ. ಒಂದು ಕ್ಲಬ್ 10 ಗಂಟೆಗೆ ತೆರೆದು 3 ಗಂಟೆಗೆ ಮುಚ್ಚುತ್ತದೆ, ಈಗ 1 ಗಂಟೆಗೆ ಮುಚ್ಚಬೇಕು ಅಂದರೆ ಐದರಲ್ಲಿ ಎರಡು ಗಂಟೆ ಹೋಯಿತು, ನಷ್ಟ 40% ಅಂತ ಬರೆದುಬಿಡುತ್ತಾರೆ. ಆದರೆ ತೆರೆದ ಮೇಲಿನ ಮೊದಲ ಒಂದೂವರೆ ಗಂಟೆ ಒಳಗೆ ಸಿಬ್ಬಂದಿಯೇ ಜಾಸ್ತಿ ಇರುತ್ತಾರೆ. ಜನ ಸೇರುವುದೇ ಮಧ್ಯರಾತ್ರಿಯ ಆಸುಪಾಸು. ಹಾಗಾಗಿ ಮ್ಯಾನೇಜರ್ ಹತ್ತಿರ ಕೇಳಬೇಕಾದದ್ದು ಇಡೀ ರಾತ್ರಿಯ ವ್ಯಾಪಾರವನ್ನಲ್ಲ, ಗಂಟೆ ಗಂಟೆಯ ಬಿಲ್ಲಿಂಗ್ ಅನ್ನು. ಬಿಲ್ಲಿಂಗ್ ಯಂತ್ರದಲ್ಲಿ ಅದು ಇದ್ದೇ ಇರುತ್ತದೆ. ಬಾಡಿಗೆ, ಲೈಸೆನ್ಸ್ ಶುಲ್ಕ, ಸೌಂಡ್, ಬೌನ್ಸರ್‌ಗಳ ಸಂಬಳ, ಇವು ಗಂಟೆಗೆ ತಕ್ಕಂತೆ ಇಳಿಯುವುದಿಲ್ಲ ಅನ್ನೋದನ್ನೂ ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ.

"ಜನ ಬೇಗ ಬರ್ತಾರೆ ಬಿಡಿ" ಅನ್ನುವ ವಾದ ಖಂಡಿತ ಬರುತ್ತದೆ. ಸ್ವಲ್ಪ ಜನ ಬರುತ್ತಾರೆ, ನಿಜ. ಆದರೆ ರಾತ್ರಿ 11ಕ್ಕೆ ಅಡುಗೆಮನೆ ತೊಳೆದು ಹೊರಬೀಳುವ ಹೋಟೆಲ್ ಕೆಲಸದವರು, ಶಿಫ್ಟ್ ಮುಗಿಸುವ ನರ್ಸ್‌ಗಳು, ನಾಟಕ, ಸಂಗೀತ ಕಛೇರಿ ಮುಗಿಸಿ ಸಾಮಾನು ಕಟ್ಟುವ ತಂತ್ರಜ್ಞರು ಎಲ್ಲಿಂದ ಬೇಗ ಬರಬೇಕು? ಊರಿಗೆಲ್ಲ ಮನರಂಜನೆ ಕೊಟ್ಟು ಕೊನೆಗೆ ತಮ್ಮ ಸರದಿಗೆ ಕಾಯುವವರು ಇವರು. ಅವರ ಪಾಲಿನ ರಾತ್ರಿಯೇ ಇಲ್ಲವಾಗುತ್ತದೆ, ಇದನ್ನು ಯಾವ ವರದಿಯಲ್ಲೂ ಯಾರೂ ಬರೆಯುವುದಿಲ್ಲ. ನೀವು ಬರೆಯಿರಿ.

ನನಗೆ ಎಲ್ಲಕ್ಕಿಂತ ಬೇಸರ ತರಿಸುವ ನಷ್ಟ ಇನ್ನೊಂದಿದೆ. ಐದು ಗಂಟೆಯ ರಾತ್ರಿಯಲ್ಲಿ ಮೂವರು ಡಿಜೆಗಳಿಗೆ ಜಾಗ ಇರುತ್ತದೆ. ಮೊದಲಿಗೆ ಒಬ್ಬ ಹೊಸಬ ಖಾಲಿ ಫ್ಲೋರ್ ಮುಂದೆ ನಿಧಾನವಾಗಿ ನುಡಿಸುತ್ತಾ ಜನರನ್ನು ಹಿಡಿದು ನಿಲ್ಲಿಸುವುದನ್ನು ಕಲಿಯುತ್ತಾನೆ. ನಡುವೆ ಹೆಸರಿರುವವರು. ಕೊನೆಗೆ, ಜನ ಕರಗುತ್ತಿರುವಾಗ, ಧೈರ್ಯ ಮಾಡಿ ಬೇರೇನನ್ನೋ ನುಡಿಸುವವರು. ರಾತ್ರಿ ಮೂರೇ ಗಂಟೆಗೆ ಇಳಿದರೆ ಮಾಲೀಕ ಹೆಸರಿರುವವರನ್ನು ಮಾತ್ರ ಇಟ್ಟುಕೊಳ್ಳುತ್ತಾನೆ. ಅವನ ಕಷ್ಟ ಅವನಿಗೆ. ಆದರೆ ಹೊಸಬರು ಕಲಿಯುವ ಜಾಗ ಹೋಯಿತು, ಪ್ರಯೋಗದ ಜಾಗವೂ ಹೋಯಿತು. ಇದರ ಪರಿಣಾಮ ಮುಂದಿನ ತಿಂಗಳು ಕಾಣುವುದಿಲ್ಲ, ಕೆಲವು ವರ್ಷ ಬಿಟ್ಟು ಊರಿನಲ್ಲಿ ಹೊಸ ಹೆಸರುಗಳೇ ಇಲ್ಲವಲ್ಲ ಅಂದಾಗ ಕಾಣುತ್ತದೆ. ಇದನ್ನು ಅಳೆಯಲು ಈಗಿನ ಪೋಸ್ಟರ್‌ಗಳನ್ನು ತೆಗೆದಿಟ್ಟುಕೊಳ್ಳಿ, ಒಂದು ರಾತ್ರಿಗೆ ಎಷ್ಟು ಹೆಸರು, ಅದರಲ್ಲಿ ಎಷ್ಟು ಜನ ಹೊಸಬರು ಅಂತ ಎಣಿಸಿ.

ಈಗ ಬೀದಿಗೆ ಇಳಿಯಿರಿ. ಕ್ಲಬ್ಬುಗಳು ಸಾಲಾಗಿರುವ ರಸ್ತೆಯ ಎದುರು, ಮುಚ್ಚುವ ಸಮಯಕ್ಕೆ ಅರ್ಧ ಗಂಟೆ ಮೊದಲು ಹೋಗಿ ನಿಲ್ಲಿ. ಎಲ್ಲ ಕಡೆಗೂ ಒಂದೇ ಸಮಯ ಅಂತ ಇದ್ದರೆ ಆಗುವುದು ಹೀಗೆ: ಒಳಗೆ ದೀಪ ಬೆಳಗುತ್ತದೆ, ಸಂಗೀತ ತಟ್ಟನೆ ನಿಲ್ಲುತ್ತದೆ, ಕೊನೆಯ ಡ್ರಿಂಕನ್ನು ಗಟಗಟ ಕುಡಿದವರು, ಬ್ಯಾಗ್ ಹುಡುಕುವವರು, ಗೆಳತಿ ಕಾಣದೆ ಕೂಗುವವರು ಎಲ್ಲರೂ ಒಟ್ಟಿಗೆ ಫುಟ್‌ಪಾತಿಗೆ ಬೀಳುತ್ತಾರೆ. ಪಕ್ಕದ ಕ್ಲಬ್ಬಿನವರೂ ಅದೇ ನಿಮಿಷಕ್ಕೆ. ಟ್ಯಾಕ್ಸಿ ಹತ್ತು, ಕೈ ಎತ್ತಿದವರು ನೂರು. ಒಬ್ಬರ ಭುಜ ಇನ್ನೊಬ್ಬರಿಗೆ ತಾಗಿದರೂ ಸಾಕು, ಮಾತು ಬೆಳೆಯುತ್ತದೆ. ಸಮಯಕ್ಕೆ ಸಡಿಲ ಇದ್ದರೆ ಇದೇ ಜನ ಸುಸ್ತಾದಂತೆ ಇಬ್ಬರು ಮೂವರಾಗಿ ಹೊರಡುತ್ತಾರೆ. ಕಾಲು ಗಂಟೆಗೊಮ್ಮೆ ಹೊರಬಂದವರನ್ನು ಎಣಿಸಿ, ಕೊನೆಯ ಬಸ್ ಅಥವಾ ರೈಲಿನ ಸಮಯ ಬರೆದುಕೊಳ್ಳಿ, ಟ್ಯಾಕ್ಸಿಗೆ ಎಷ್ಟು ಕಾಯಬೇಕಾಯಿತು ನೋಡಿ.

ಆಸ್ಟ್ರೇಲಿಯಾದ ಹಳೆಯ ಕಥೆ ಇಲ್ಲಿ ನೆನಪಿರಲಿ. 1916ರಲ್ಲಿ ನ್ಯೂ ಸೌತ್ ವೇಲ್ಸ್, ವಿಕ್ಟೋರಿಯಾ ಮುಂತಾದ ರಾಜ್ಯಗಳು ಬಾರ್‌ಗಳನ್ನು ಸಂಜೆ 6ಕ್ಕೆ ಮುಚ್ಚಿಸಿದವು. ಜನ ಕೆಲಸ ಬಿಟ್ಟ ಕೂಡಲೇ ಓಡಿ, ಇರುವ ಒಂದು ಗಂಟೆಯಲ್ಲಿ ಆದಷ್ಟು ಕುಡಿದು ಹೊರಬರುತ್ತಿದ್ದರು. ನ್ಯೂ ಸೌತ್ ವೇಲ್ಸ್‌ನಲ್ಲಿ ಅದು 1955ರವರೆಗೆ, ವಿಕ್ಟೋರಿಯಾದಲ್ಲಿ 1966ರವರೆಗೆ ನಡೆಯಿತು.

ಹಾಗಂತ ಬೇಗ ಮುಚ್ಚುವುದರಿಂದ ಏನೂ ಉಪಯೋಗ ಇಲ್ಲ ಅಂತ ವಾದ ಮಾಡಬೇಡಿ, ಅದು ಸುಳ್ಳಾಗುತ್ತದೆ. ನಾರ್ವೆಯ 18 ನಗರಗಳ ಅಧ್ಯಯನವೊಂದರಲ್ಲಿ ಮುಚ್ಚುವ ಸಮಯ ಒಂದು ಗಂಟೆ ಹಿಂದೆ ಮುಂದೆ ಆದರೆ ವಾರಾಂತ್ಯದ ರಾತ್ರಿಯ ಹಲ್ಲೆಗಳು ಸುಮಾರು 16% ಏರಿಳಿಯುತ್ತವೆ ಅಂತ ಕಂಡುಬಂತು. ಆಸ್ಟ್ರೇಲಿಯಾದ ನ್ಯೂಕ್ಯಾಸಲ್‌ನಲ್ಲಿ 2008ರಲ್ಲಿ ಸಮಯ ಕಡಿತ ಮಾಡಿದ ಮೇಲೆ ಹಲ್ಲೆಗಳು ಮೂರನೇ ಒಂದು ಭಾಗಕ್ಕೂ ಹೆಚ್ಚು ಇಳಿದವು. ಸಿಡ್ನಿಯ ನಿಯಮ ಬಂದದ್ದೇ ಒಂದೇ ಹೊಡೆತಕ್ಕೆ ಇಬ್ಬರು ಹುಡುಗರು ಬೇರೆ ಬೇರೆ ಸಂದರ್ಭದಲ್ಲಿ ಸತ್ತ ಮೇಲೆ. ಆ ತಂದೆತಾಯಂದಿರ ಮುಂದೆ ನಿಂತು ಸಂಗೀತ, ಸಂಸ್ಕೃತಿ ಅಂತಷ್ಟೇ ಮಾತಾಡಲು ಆಗುವುದಿಲ್ಲ, ಅಲ್ವಾ? ಕಿಂಗ್ಸ್ ಕ್ರಾಸ್‌ನಲ್ಲಿ ಹಲ್ಲೆ ನಿಜಕ್ಕೂ ಇಳಿಯಿತು. ಜೊತೆಗೆ ಅಲ್ಲಿಗೆ ಬರುವ ಜನರೂ ಇಳಿದರು, ಮುಂದಿನ ವರ್ಷಗಳಲ್ಲಿ ನ್ಯೂಟೌನ್‌ನಂಥ ಬೇರೆ ಬಡಾವಣೆಗಳಲ್ಲಿ ಹಲ್ಲೆ ಹೆಚ್ಚಿತು. ಹಾಗಾಗಿ ಪೊಲೀಸ್ ಅಂಕಿಅಂಶ ಕೇಳುವಾಗ ಗಂಟೆವಾರು ಕೇಳಿ, ಪಕ್ಕದ ಪ್ರದೇಶದ್ದನ್ನೂ ಕೇಳಿ. ಬೀದಿಗೆ ಬಂದ ಜನರ ಸಂಖ್ಯೆ ಇಲ್ಲದೆ ಬರೀ ಹಲ್ಲೆಗಳ ಸಂಖ್ಯೆ ನೋಡಿದರೆ ಬೀದಿ ಸುರಕ್ಷಿತವಾಯಿತೋ, ಸುಮ್ನೆ ಖಾಲಿಯಾಯಿತೋ ತಿಳಿಯದು. ಮನೆ ಪಾರ್ಟಿಗಳ ಲೆಕ್ಕ ಪೊಲೀಸರ ಹತ್ತಿರವೂ ಸರಿಯಾಗಿ ಇರುವುದಿಲ್ಲ, ಅಲ್ಲಿ ಬೌನ್ಸರ್ ಇಲ್ಲ, ಜಾಸ್ತಿಯಾಯಿತು ಸಾಕು ಅನ್ನುವ ಬಾರ್‌ನವನೂ ಇಲ್ಲ. ಶಬ್ದದ ದೂರುಗಳ ಪಟ್ಟಿಯಲ್ಲಿ ಅದರ ಸುಳಿವು ಸಿಗಬಹುದು.

ಹೋಲಿಸುವಾಗ ಹೋದ ವರ್ಷದ ಅದೇ ತಿಂಗಳನ್ನು ಹಿಡಿಯಿರಿ, ಹಬ್ಬ, ಮಳೆ, ಪರೀಕ್ಷೆ ಎಲ್ಲ ಜನಸಂದಣಿಯನ್ನು ಏರುಪೇರು ಮಾಡುತ್ತವೆ. ಕನಿಷ್ಠ ಒಂದು ವರ್ಷವಾದರೂ ಬೇಕು.

ಲೆಕ್ಕ ಕೈಗೆ ಬಂದ ಮೇಲೆ ಬರೀ ಬೇಡ ಅನ್ನಬೇಡಿ, ಬದಲಿಗೆ ಏನು ಬೇಕು ಅಂತ ಹೇಳಿ. ಡ್ರಿಂಕ್ ನಿಲ್ಲಿಸಿದ ಮೇಲೂ ಒಂದು ಗಂಟೆ ನೀರು, ತಿಂಡಿ, ಸಂಗೀತ ಇರಲಿ ಅಂತ ಕೇಳಬಹುದು. ಬೇರೆ ಬೇರೆ ಕ್ಲಬ್ಬುಗಳಿಗೆ ಬೇರೆ ಬೇರೆ ಸಮಯ ಕೊಡಿ ಅನ್ನಬಹುದು. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ರಾತ್ರಿ ಮೇಯರ್ (ಊರಿನ ರಾತ್ರಿ ಬದುಕಿನ ಪರವಾಗಿ ನಗರಾಡಳಿತದ ಜೊತೆ ಮಾತಾಡುವವರು) ಆಗಿದ್ದ ಮಿರಿಕ್ ಮಿಲಾನ್ ಕಾಲದಲ್ಲಿ ನಗರದ ನಡುಭಾಗದಿಂದ ದೂರದ ಕೆಲವು ಜಾಗಗಳಿಗೆ 24 ಗಂಟೆಯ ಲೈಸೆನ್ಸ್ ಸಿಕ್ಕಿತು, ಮನೆಗಳ ನಡುವಿನ ಗದ್ದಲ ಹಂಚಿಹೋಗಲಿ ಅಂತ. ಲಂಡನ್ 2016ರಲ್ಲಿ ವಾರಾಂತ್ಯಕ್ಕೆ ಇಡೀ ರಾತ್ರಿ ಮೆಟ್ರೋ ಓಡಿಸಲು ಶುರು ಮಾಡಿತು. ಪಶ್ಚಿಮ ಬರ್ಲಿನ್ ಅಂತೂ 1949ರಲ್ಲೇ ಮುಚ್ಚುವ ಸಮಯವನ್ನೇ ತೆಗೆದುಹಾಕಿತು.

ಒಂದನ್ನಂತೂ ಬಿಡದೆ ಕೇಳಿ: ಆದೇಶದಲ್ಲೇ ಮರುಪರಿಶೀಲನೆಯ ದಿನಾಂಕ ಇರಬೇಕು, ಆ ದಿನ ಯಾವ ಅಂಕಿಗಳನ್ನು ನೋಡಲಾಗುತ್ತದೆ ಅಂತಲೂ ಬರೆದಿರಬೇಕು. ಸಿಡ್ನಿಯ ನಡುಭಾಗದಲ್ಲಿ ಪ್ರವೇಶ ನಿಷೇಧ ತೆಗೆದದ್ದು 2020ರ ಜನವರಿಯಲ್ಲಿ, ಕಿಂಗ್ಸ್ ಕ್ರಾಸ್‌ನಲ್ಲಿ 2021ರ ಮಾರ್ಚ್‌ನಲ್ಲಿ. ಅಷ್ಟರಲ್ಲಿ ಎಷ್ಟೋ ಕ್ಲಬ್ಬುಗಳು ಬಾಗಿಲು ಹಾಕಿಯಾಗಿತ್ತು, ನಿಯಮ ಹೋದರೂ ಕಿಂಗ್ಸ್ ಕ್ರಾಸ್ ಹಳೆಯ ಕಿಂಗ್ಸ್ ಕ್ರಾಸ್ ಆಗಲಿಲ್ಲ.