ಕೆಲಸ ಬಿಡದೆ ಪೋಕರ್ ದುಡ್ಡಲ್ಲಿ ಬದುಕಿ ನೋಡಿದೆ

ಕೇರಳದ ನಮ್ಮ ಬದಿಯಡ್ಕ ಕಡೆ ಇಸ್ಪೀಟು ಅಂದರೆ ಉಲಾಯಿ-ಪಿದಾಯಿ (ಅಂದರ್-ಬಾಹರ್), ಅದರ ಹಿಂದೆ ಪೊಲೀಸ್ ಜೀಪು. ಆಪ್‌ನಲ್ಲಿ ದುಡ್ಡಿಟ್ಟು ಆಡುವ ಪೋಕರ್ ಬೇರೆ ಎಂದು ಅಪ್ಪನಿಗೆ ಹೇಳಿ ಸೋತೆ. ಕೆಲಸ ಬಿಟ್ಟು ಇದರಲ್ಲೇ ಬದುಕಬಹುದಾ ಎಂದು ಕೇಳಲು ಇದ್ದವನು ವಿಟ್ಲದ ಭಾವ ಒಬ್ಬನೇ. ಅವನೂ ಆಡುತ್ತಿದ್ದ. "ಬಿಡುವುದಾದರೆ ಬಿಡು ಭಾವ, ಲೆಕ್ಕ ಎಂತಕೆ?" ಎಂದು ನಗುತ್ತಿದ್ದ.

ನಾನು ಅಡಿಕೆ ಅಂಗಡಿಯಲ್ಲಿ ಲೆಕ್ಕ ಬರೆಯುವವನು. ಆಟಕ್ಕೆ ಮೊದಲು ಯಕ್ಷಗಾನದವರು ಟ್ರಯಲ್ ನೋಡುತ್ತಾರಲ್ವಾ, ಹಾಗೇ ಮಾಡಿದೆ. ಕೆಲಸ ಬಿಡಲಿಲ್ಲ, ಬಿಟ್ಟವನ ಹಾಗೆ ಬದುಕಿದೆ. ಸಂಬಳ ಸುಮಾರು 22 ಸಾವಿರ, ಬಂದ ದಿನವೇ ಆರ್‌ಡಿಗೆ. ತಿಂಗಳ 5ಕ್ಕೆ ಪೋಕರ್ ದುಡ್ಡಿನಿಂದ 25 ಸಾವಿರ ಹೆಂಡತಿಯ ಖಾತೆಗೆ. ಅಕ್ಕಿ, ಗ್ಯಾಸ್, ಮಗಳ ಶಾಲೆ ವ್ಯಾನು, ಎಲ್ಲ ಅದರಲ್ಲೇ.

ಮೊದಲ ಟ್ರಯಲ್ 2021ರ ಆಗಸ್ಟ್‌ನಲ್ಲಿ. 1 ಲಕ್ಷದ 20 ಸಾವಿರ ಇತ್ತು. ಕಡ್ಡಾಯ ಪಂತ (ಬ್ಲೈಂಡ್) 10 ಮತ್ತು 20 ರೂಪಾಯಿ ಇರುವ ಟೇಬಲ್‌ಗೆ 60 ಬೈ-ಇನ್, ಅಂದರೆ 60 ಸಲ ಕೂರುವಷ್ಟು ದುಡ್ಡು, ಧಾರಾಳ ಎಂದುಕೊಂಡೆ. ಮೂರನೇ ತಿಂಗಳಿಗೆ ಉಳಿದದ್ದು ಒಂಬತ್ತೋ ಹತ್ತೋ ಸಾವಿರ. ಆಟದಲ್ಲಿ ಹೋದದ್ದು ಮೂವತ್ತೈದು ಸಾವಿರದಷ್ಟೇ, ಡೌನ್‌ಸ್ವಿಂಗ್ (ಸೋಲಿನ ಸರಣಿ) ಎಂದು ಕರೆಯಲೂ ನಾಚಿಕೆಯಾಗುವ ಮೊತ್ತ. ಉಳಿದ 75 ಸಾವಿರ ಮನೆ ತಿಂದಿತ್ತು. ಎಲ್ಲರೂ ಹೇಳುವ ಬ್ಯಾಂಕ್‌ರೋಲ್ (ಆಟದ ಗಂಟು) ಲೆಕ್ಕದಲ್ಲಿ ಅಕ್ಕಿ ಚೀಲ ಇರುವುದಿಲ್ಲ. ಆ ಅಕ್ಟೋಬರ್‌ನಲ್ಲಿ ದುಡ್ಡಿನ ಆನ್‌ಲೈನ್ ಆಟಕ್ಕೆ ಕರ್ನಾಟಕದ ನಿಷೇಧವೂ ಬಂತು. ಸಾರಡ್ಕ ಚೆಕ್‌ಪೋಸ್ಟ್ ದಾಟಿ ಕರ್ನಾಟಕಕ್ಕೆ ಕಾಲಿಟ್ಟರೆ ಆಪ್ ತೆರೆಯುತ್ತಿರಲಿಲ್ಲ. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡುವ ತನಕ ಭಾವ ಆಡಲಿಕ್ಕೆಂದೇ ನಮ್ಮ ಮನೆಗೆ ಬರುತ್ತಿದ್ದ. ಊಟದ ಖರ್ಚೂ ನನ್ನದೇ!

ಎರಡನೇ ಸಲ 2022ರ ಕೊನೆಗೆ. ಈಗ 3 ಲಕ್ಷ ಆಟಕ್ಕೆ, ಆರು ತಿಂಗಳ ಮನೆ ಖರ್ಚು ಬೇರೆ. ರಾತ್ರಿ ಒಂಬತ್ತರಿಂದ ಹನ್ನೆರಡೂವರೆ, ನಾಲ್ಕು ಟೇಬಲ್. 100 ಹ್ಯಾಂಡಿಗೆ (ಎಲೆ ಹಂಚಿದ ಸುತ್ತಿಗೆ) ನಾಲ್ಕು ಬಿಗ್ ಬ್ಲೈಂಡ್ (ದೊಡ್ಡ ಕಡ್ಡಾಯ ಪಂತ) ಹತ್ತಿರ ಬೀಳುತ್ತಿತ್ತು. ಗಂಟೆಗೆ 240 ರೂಪಾಯಿ, ಸೈಟು ತನ್ನ ಕಮಿಷನ್‌ನಲ್ಲಿ ವಾಪಸು ಕೊಡುವ ರೇಕ್‌ಬ್ಯಾಕ್ ಸೇರಿ ತಿಂಗಳಿಗೆ 31 ಸಾವಿರ. ಈ ಮಟ್ಟದಲ್ಲಿ ಅಷ್ಟು ಹಿಡಿದಿಟ್ಟವರು ನನಗೆ ಗೊತ್ತಿರುವವರಲ್ಲಿ ಇಲ್ಲ. ಟೇಬಲ್ ಆರಿಸುವುದರಲ್ಲಿ ನನ್ನದೊಂದು ಉಪಾಯ ಇದೆ. ಅದು ನನ್ನಲ್ಲೇ ಇರಲಿ.

ಇಡೀ ದಿನ ಆಡಿದರೆ ಡಬಲ್ ಅಲ್ವಾ ಎಂದ ಭಾವ. ಒಂದು ವಾರ ರಜೆ ಹಾಕಿ ನೋಡಿದೆ. ಹಗಲಲ್ಲಿ ಕೂತಿರುವವರು ಎಲ್ಲ ನಮ್ಮಂತೆ ಪಳಗಿದವರೇ. ಗಂಟೆಗೆ 90ಕ್ಕೆ ಇಳಿಯಿತು. ಒಂದು ವಾರದ್ದು ಲೆಕ್ಕವಲ್ಲ, ಗೊತ್ತು. ಆದರೂ ತೋಟಕ್ಕೆ ಮದ್ದು ಬಿಡಲು ಬರುವವನು ನನಗಿಂತ ಜಾಸ್ತಿ ದುಡಿದು ಮಧ್ಯಾಹ್ನವೇ ಹೋದ. ಪೋಕರ್‌ನ ಇನ್ನೊಂದು ಬಗೆ ಒಮಾಹಾಕ್ಕೂ ಕೈ ಹಾಕಿದೆ. ಹತ್ತು ದಿನಕ್ಕೆ 28 ಸಾವಿರ ಹೋಯಿತು. ಅದರ ಕಥೆ ಬೇಡ.

ಹೊಡೆತ ಬಿದ್ದದ್ದು ಇಸ್ಪೀಟಿನಿಂದ ಅಲ್ಲ. 2023ರ ಏಪ್ರಿಲ್‌ನಿಂದ ಗೆದ್ದ ನಿವ್ವಳ ದುಡ್ಡಿಗೆ 30 ಪರ್ಸೆಂಟ್ ಟಿಡಿಎಸ್. ಖರ್ಚು ಕಳೆಯುವ ಹಾಗಿಲ್ಲ, ಕಳೆದ ವರ್ಷದ ನಷ್ಟ ಹೊಂದಿಸುವ ಹಾಗೂ ಇಲ್ಲ. ಹೆಂಡತಿಗೆ 25 ಸಾವಿರ ಕೊಡಬೇಕಾದರೆ ನಾನು 35,700 ಗೆಲ್ಲಬೇಕು. ಗೆಲ್ಲುವುದು 31. ತಿಂಗಳು ತಿಂಗಳೂ ಗೆಲ್ಲುತ್ತಿದ್ದೆ, ಲೆಕ್ಕದ ಪುಸ್ತಕದಲ್ಲಿ ಗಂಟು ಕರಗುತ್ತಿತ್ತು. ಅಕ್ಟೋಬರ್ 1ರಿಂದ ಹಾಕುವ ದುಡ್ಡಿಗೂ 28 ಪರ್ಸೆಂಟ್ ಜಿಎಸ್‌ಟಿ. ಸೈಟಿನವರು ಅದನ್ನು ಬೋನಸ್ ಪಾಯಿಂಟಾಗಿ ಕೊಟ್ಟು ಸಮಾಧಾನ ಮಾಡುತ್ತಿದ್ದರು. ಎಷ್ಟು ದಿನ ಕೊಟ್ಟಾರು? ಹನ್ನೊಂದನೇ ತಿಂಗಳಿಗೆ ಪುಸ್ತಕ ಮುಚ್ಚಿದೆ. ಕೆಲಸ ಬಿಡುವುದಿಲ್ಲ ಎಂದು ಹೇಳಿದೆ.

ಹೆಂಡತಿ, "ನೀವು ಸೋತದ್ದಾ, ಗೆದ್ದದ್ದಾ?" ಎಂದು ಕೇಳಿದಳು. ಆರ್‌ಡಿ ಪಾಸ್‌ಬುಕ್ ತೋರಿಸಿದೆ, 2 ಲಕ್ಷದ 42 ಸಾವಿರ, ಬಡ್ಡಿ ಬೇರೆ.

ಭಾವ ಮಾತ್ರ, "ಅಡಿಕೆ ರೇಟು ಬಿದ್ದರೆ ತೋಟ ಕಡಿಯುತ್ತೀಯಾ? ಹೆದರುಪುಕ್ಕಲ" ಎಂದ. ಮುಂದಿನ ತಿಂಗಳೇ ತನ್ನ ಕೆಲಸ ಬಿಟ್ಟ. 2025ರ ಆಗಸ್ಟ್ 22ಕ್ಕೆ ಆನ್‌ಲೈನ್ ಗೇಮಿಂಗ್ ಕಾಯ್ದೆಗೆ ರಾಷ್ಟ್ರಪತಿ ಅಂಕಿತ ಬಿತ್ತು. ದುಡ್ಡಿನ ಟೇಬಲ್‌ಗಳೆಲ್ಲ ಬಂದ್. ಅವನು ಫೋನ್ ಮಾಡಿದಾಗ ನಾನು ಆರ್‌ಡಿ ದುಡ್ಡಲ್ಲಿ ಹಾಕಿಸಿದ ಸ್ಪ್ರಿಂಕ್ಲರ್ ಪೈಪು ಜೋಡಿಸುತ್ತಿದ್ದೆ. ಸುಳ್ಳು ಯಾಕೆ, ಸ್ವಲ್ಪ ಖುಷಿಯಾಯಿತು.

ಈಗ ವರ್ಷಕ್ಕೆ ಎರಡು ಸಲ ಕಾಸರಗೋಡಿನಲ್ಲಿ ನೇತ್ರಾವತಿ ಹತ್ತಿ ಮಡಗಾಂವ್, ಅಲ್ಲಿಂದ ಪಣಜಿ, ಮಾಂಡೋವಿಯ ಕ್ಯಾಸಿನೊ ಹಡಗು. ಗಂಟೆಗೆ 25-30 ಹ್ಯಾಂಡು, ಆಕಳಿಕೆ ಬರುತ್ತದೆ. ಟಿಕೆಟ್, ರೂಮು ಕಳೆದು ನಾಲ್ಕು ಸಾವಿರವೋ ಏನೋ ಮೇಲಿದ್ದೇನೆ.

ಭಾವ ಈಗ ಷೇರು ಪೇಟೆಯ ಆಪ್ಶನ್ಸ್‌ನಲ್ಲಿ ಬದುಕುತ್ತೇನೆ ಎಂದು ಹೊರಟಿದ್ದಾನೆ. ನನ್ನ ಪುಸ್ತಕ ಕೇಳಿದ. ಕೊಡಲಿಲ್ಲ. 200 ಪುಟದ ಹೊಸದೊಂದು ತಂದುಕೊಟ್ಟೆ.