ಹಳೆಯ ಹಾರ್ಡ್ ಡಿಸ್ಕ್‌ನಿಂದ ಹೊಸ ಎಸ್‌ಎಸ್‌ಡಿಗೆ: ಕ್ಲೋನ್ ಮಾಡುವುದು, ಪಾರ್ಟಿಷನ್ ಹಿಗ್ಗಿಸುವುದು ಹೇಗೆ?

ಕೊಡಗಿನ ಕಾಫಿ ತೋಟಗಳ ಕಚೇರಿಗಳಲ್ಲಿ, ಹೋಮ್‌ಸ್ಟೇಗಳಲ್ಲಿ, ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆಗಳ ಅಂಗಡಿಗಳಲ್ಲಿ ಹಳೆಯ ಹಾರ್ಡ್ ಡಿಸ್ಕ್ ಇರುವ ಕಂಪ್ಯೂಟರ್‌ಗಳು ಇಂದಿಗೂ ಕೆಲಸ ಮಾಡುತ್ತಿವೆ. ಕೆಲಸಗಾರರ ಚೆಕ್‌ರೋಲ್, ಟ್ಯಾಲಿ ಲೆಕ್ಕ, ಸ್ಕ್ಯಾನ್ ಮಾಡಿಟ್ಟ ಪಹಣಿ, ಮನೆಯ ಮದುವೆಯ ಫೋಟೊಗಳು ಎಲ್ಲವೂ ಆ ಒಂದೇ ಡಿಸ್ಕ್‌ನಲ್ಲಿರುತ್ತವೆ. ಅದನ್ನು ತಿರುಗುವ ಭಾಗಗಳಿಲ್ಲದ, ಹೆಚ್ಚು ವೇಗದ ಎಸ್‌ಎಸ್‌ಡಿಗೆ ಬದಲಿಸಬೇಕೆಂದರೆ ವಿಂಡೋಸ್ ಮತ್ತು ತಂತ್ರಾಂಶಗಳನ್ನೆಲ್ಲ ಮತ್ತೆ ಹಾಕಿಸಬೇಕಾಗಿಲ್ಲ; ಇಡೀ ಡಿಸ್ಕ್ ಅನ್ನು ಇದ್ದ ಹಾಗೆಯೇ ನಕಲಿಸುವ ಕ್ಲೋನ್ ವಿಧಾನದಿಂದ ಕೆಲಸ ಮುಗಿಯುತ್ತದೆ. ನಕಲು ನಡೆಯುವಾಗ ವಿದ್ಯುತ್ ಕಡಿತವಾಗಬಾರದು. ಆದ್ದರಿಂದ ಗಾಳಿಮಳೆಗೆ ಮರ ಬಿದ್ದು ಲೈನ್ ಹರಿಯುವ ಜೂನ್‌ವರೆಗೆ ಕಾಯದೆ ಬೇಸಿಗೆಯಲ್ಲಿಯೇ ಇದನ್ನು ಮಾಡಿ ಮುಗಿಸುವುದು ಒಳ್ಳೆಯದು. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇರಲಿ, ಲ್ಯಾಪ್‌ಟಾಪ್ ಆದರೆ ಬ್ಯಾಟರಿ ತುಂಬಿರಲಿ.

ಎಸ್‌ಎಸ್‌ಡಿ ಕೊಳ್ಳುವಾಗಲೇ ಒಂದು ಅಂಶವನ್ನು ಗಮನಿಸಬೇಕು. ಹಳೆಯ ಡಿಸ್ಕ್ 500 ಜಿಬಿಯದಾಗಿದ್ದರೆ, ಬೆಲೆ ಕಡಿಮೆಯೆಂದು 480 ಜಿಬಿಯ ಎಸ್‌ಎಸ್‌ಡಿ ತರಬೇಡಿ. ವಿಂಡೋಸ್‌ನಲ್ಲಿ ಮೊದಲನೆಯದು ಸುಮಾರು 465 ಜಿಬಿ ಎಂದೂ ಎರಡನೆಯದು ಸುಮಾರು 447 ಜಿಬಿ ಎಂದೂ ಕಾಣುತ್ತದೆ; ಈ ಸಣ್ಣ ವ್ಯತ್ಯಾಸಕ್ಕಾಗಿ ಹಳೆಯ ಪಾರ್ಟಿಷನ್‌ಗಳನ್ನು (ಸಿ, ಡಿ ಡ್ರೈವ್‌ಗಳಂಥ ಡಿಸ್ಕ್‌ನ ವಿಭಾಗಗಳು) ಮೊದಲು ಕುಗ್ಗಿಸಬೇಕಾಗುತ್ತದೆ. ಹಳೆಯದರಷ್ಟೇ ಅಥವಾ ಅದಕ್ಕಿಂತ ದೊಡ್ಡ ಎಸ್‌ಎಸ್‌ಡಿ ತಂದರೆ ಅರ್ಧ ತೊಂದರೆ ತಪ್ಪುತ್ತದೆ.

ನಕಲಿಗೆ ಮುನ್ನ

ಮೊದಲು ಹಳೆಯ ಡಿಸ್ಕ್‌ನ ಆರೋಗ್ಯವನ್ನು ಪರೀಕ್ಷಿಸಬೇಕು. ಹೆಚ್ಚಿನವರು ಬಿಟ್ಟುಬಿಡುವ ಹಂತವಿದು. ನನ್ನ ದೃಷ್ಟಿಯಲ್ಲಿ ಉಳಿದೆಲ್ಲಕ್ಕಿಂತ ಮುಖ್ಯವಾದದ್ದೂ ಇದೇ. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶವು ಡಿಸ್ಕ್ ತನ್ನ ಬಗ್ಗೆ ತಾನೇ ದಾಖಲಿಸಿಕೊಳ್ಳುವ ಸ್ಮಾರ್ಟ್ ಮಾಹಿತಿಯನ್ನು ತೋರಿಸುತ್ತದೆ. ಅದರಲ್ಲಿ ‘ರೀಅಲೊಕೇಟೆಡ್ ಸೆಕ್ಟರ್ಸ್’ ಮತ್ತು ‘ಕರೆಂಟ್ ಪೆಂಡಿಂಗ್ ಸೆಕ್ಟರ್’ ಸಾಲುಗಳನ್ನು ನೋಡಿರಿ. ಎರಡನೆಯದು ಸೊನ್ನೆಯಲ್ಲದಿದ್ದರೆ ಡಿಸ್ಕ್‌ನ ಕೆಲವು ಭಾಗಗಳನ್ನು ಓದಲಾಗುತ್ತಿಲ್ಲ ಎಂದರ್ಥ. ಅಂಥ ಡಿಸ್ಕ್ ಅನ್ನು ಸಾಮಾನ್ಯ ಕ್ಲೋನ್ ತಂತ್ರಾಂಶಕ್ಕೆ ಒಪ್ಪಿಸಬಾರದು. ಓದಲಾಗುವ ಭಾಗಗಳನ್ನು ಮೊದಲು ನಕಲಿಸಿ, ಹಾಳಾದ ಭಾಗಗಳನ್ನು ಕೊನೆಗೆ ಪ್ರಯತ್ನಿಸುವ, ನಡುವೆ ನಿಂತರೂ ನಿಂತಲ್ಲಿಂದ ಮುಂದುವರಿಯಬಲ್ಲ ಡಿಡಿರೆಸ್ಕ್ಯೂ ಅದಕ್ಕೆ ಸರಿಯಾದ ಸಾಧನ. ಡಿಸ್ಕ್ ಕಟಕಟ ಸದ್ದು ಮಾಡುತ್ತಿದ್ದರಂತೂ ಕಂಪ್ಯೂಟರ್ ಆರಿಸಿ, ದತ್ತಾಂಶ ಮರಳಿ ಪಡೆಯುವ ಪರಿಣತರ ಬಳಿಗೆ ಒಯ್ಯಬೇಕು.

ಡಿಸ್ಕ್ ಚೆನ್ನಾಗಿದ್ದರೂ ಮುಖ್ಯ ಕಡತಗಳನ್ನು ಪೆನ್‌ಡ್ರೈವ್‌ಗೋ ಬೇರೊಂದು ಡಿಸ್ಕ್‌ಗೋ ಪ್ರತ್ಯೇಕವಾಗಿ ನಕಲಿಸಿಟ್ಟುಕೊಳ್ಳಿ. ಬಳಿಕ ಡಿಸ್ಕ್‌ನ ದತ್ತಾಂಶವನ್ನು ಗೂಢಲಿಪಿಯಲ್ಲಿಡುವ ವಿಂಡೋಸ್‌ನ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ ಚಾಲನೆಯಲ್ಲಿದ್ದರೆ ಅದರ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಟ್ಟುಕೊಂಡು, ಎನ್‌ಕ್ರಿಪ್ಷನ್ ಅನ್ನು ಪೂರ್ತಿ ತೆಗೆಯಿರಿ. ಇಲ್ಲವಾದರೆ ಮುಂದೆ ಪಾರ್ಟಿಷನ್ ಹಿಗ್ಗಿಸಲು ನಾವು ಬಳಸುವ ಜಿಪಾರ್ಟೆಡ್ ತಂತ್ರಾಂಶಕ್ಕೆ ಸಾಧ್ಯವಾಗುವುದಿಲ್ಲ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಯ್ಕೆಗಳಲ್ಲಿ ‘ಫಾಸ್ಟ್ ಸ್ಟಾರ್ಟಪ್’ ಅನ್ನೂ ತೆಗೆಯಬೇಕು. ಅದು ಇರುವವರೆಗೆ ಶಟ್‌ಡೌನ್ ಮಾಡಿದರೂ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ.

ನಕಲು

ಡಿಸ್ಕ್ ನಕಲಿಸುವ ಕ್ಲೋನ್‌ಜಿಲ್ಲಾ ತಂತ್ರಾಂಶ ಉಚಿತವಾಗಿದೆ, ನಂಬಿಕೆಗೆ ಅರ್ಹವಾಗಿದೆ. ಅದನ್ನು ಬೂಟ್ ಪೆನ್‌ಡ್ರೈವ್ ತಯಾರಿಸುವ ರೂಫಸ್ ತಂತ್ರಾಂಶದ ಮೂಲಕ ಪೆನ್‌ಡ್ರೈವ್‌ಗೆ ಬರೆದು, ಎಸ್‌ಎಸ್‌ಡಿಯನ್ನು ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿ, ಕಂಪ್ಯೂಟರ್ ಅನ್ನು ಆ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ (ಆರಂಭಿಸಿ). ‘ಡಿವೈಸ್–ಡಿವೈಸ್’, ‘ಬಿಗಿನರ್’ ಹಾಗೂ ಡಿಸ್ಕ್‌ನಿಂದ ಸ್ಥಳೀಯ ಡಿಸ್ಕ್‌ಗೆ ಎಂಬ ಆಯ್ಕೆಗಳನ್ನು ಆರಿಸಿದ ಮೇಲೆ ಅದು ಮೊದಲು ಮೂಲ ಡಿಸ್ಕ್ ಅನ್ನೂ ಆಮೇಲೆ ಗುರಿ ಡಿಸ್ಕ್ ಅನ್ನೂ ಕೇಳುತ್ತದೆ. ಇಲ್ಲಿ ಅವಸರ ಪಡಬಾರದು. ಗಾತ್ರ ಒಂದೇ ಆಗಿದ್ದರೆ ಎರಡೂ ಸಾಲುಗಳು ಒಂದೇ ರೀತಿ ಕಾಣುತ್ತವೆ. ಅದಲುಬದಲಾದರೆ ಖಾಲಿ ಡಿಸ್ಕ್‌ನ ನಕಲು ನಿಮ್ಮ ದಾಖಲೆಗಳ ಮೇಲೆ ಕೂರುತ್ತದೆ. ಎರಡರ ಮಾದರಿ ಸಂಖ್ಯೆ ಮತ್ತು ಸೀರಿಯಲ್ ಸಂಖ್ಯೆಯನ್ನು ಮೊದಲೇ ಚೀಟಿಯಲ್ಲಿ ಬರೆದುಕೊಂಡು, ಪರದೆಯೊಂದಿಗೆ ಹೋಲಿಸಿದ ನಂತರವೇ ದೃಢೀಕರಿಸಿ. ಪಾರ್ಟಿಷನ್ ಪಟ್ಟಿಯ ಬಗ್ಗೆ ಕೇಳಿದಾಗ ಮೂಲದಲ್ಲಿದ್ದಂತೆಯೇ ಉಳಿಸುವ ಆಯ್ಕೆಯನ್ನು ಆರಿಸಿ. ಹಿಗ್ಗಿಸುವ ಕೆಲಸ ಆಮೇಲಿನದು.

ಕ್ಲೋನ್‌ಜಿಲ್ಲಾ ಬಳಕೆಯಲ್ಲಿರುವ ಜಾಗವನ್ನಷ್ಟೇ ನಕಲಿಸುತ್ತದೆ. 300 ಜಿಬಿ ತುಂಬಿದ್ದು, ಸೆಕೆಂಡಿಗೆ 100 ಎಂಬಿ ವೇಗ ಸಿಕ್ಕರೆ 50 ನಿಮಿಷ ಸಾಕು. ಹಳೆಯ ಯುಎಸ್‌ಬಿ 2.0 ಪೋರ್ಟ್‌ನಲ್ಲಿ ಅದೇ ಕೆಲಸಕ್ಕೆ ಎರಡು ಗಂಟೆಗೂ ಹೆಚ್ಚು ಬೇಕು.

ಮುಗಿದ ಮೇಲೆ ಕಂಪ್ಯೂಟರ್ ಆರಿಸಿ, ಹಳೆಯ ಡಿಸ್ಕ್ ಅನ್ನು ಕಳಚಿ, ಅದರ ಜಾಗದಲ್ಲಿ ಎಸ್‌ಎಸ್‌ಡಿ ಕೂರಿಸಿ. ಕ್ಲೋನ್ ಆದ ಎರಡೂ ಡಿಸ್ಕ್‌ಗಳ ಗುರುತು ಒಂದೇ ಆಗಿರುವುದರಿಂದ, ಎರಡನ್ನೂ ಜೋಡಿಸಿಟ್ಟುಕೊಂಡು ವಿಂಡೋಸ್ ಆರಂಭಿಸಬಾರದು. ಹೊಸದರಿಂದ ವಿಂಡೋಸ್ ತೆರೆದುಕೊಂಡು, ಟ್ಯಾಲಿ ಮತ್ತಿತರ ಕಡತಗಳು ಸರಿಯಾಗಿ ತೆರೆಯುವುದನ್ನು ಖಚಿತಪಡಿಸಿಕೊಂಡೇ ಮುಂದಿನ ಹಂತಕ್ಕೆ ಹೋಗಬೇಕು.

ಪಾರ್ಟಿಷನ್ ಹಿಗ್ಗಿಸುವುದು

ದೊಡ್ಡ ಎಸ್‌ಎಸ್‌ಡಿಯಲ್ಲಿ ಉಳಿದ ಜಾಗ ಡಿಸ್ಕ್‌ನ ಕೊನೆಯಲ್ಲಿ ಹಂಚಿಕೆಯಾಗದೆ ಬಿದ್ದಿರುತ್ತದೆ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಸಿ ಡ್ರೈವ್ ಮೇಲೆ ರೈಟ್‌ಕ್ಲಿಕ್ ಮಾಡಿದರೆ ‘ಎಕ್ಸ್‌ಟೆಂಡ್ ವಾಲ್ಯೂಮ್’ ಎಂಬುದು ಮಸುಕಾಗಿ, ಒತ್ತಲಾಗದಂತೆ ಕಾಣಿಸಬಹುದು. ಪಾರ್ಟಿಷನ್‌ಗಳು ತೋಟದ ಲೈನ್ ಮನೆಗಳ ಹಾಗೆ ಗೋಡೆಗೆ ಗೋಡೆ ಹಂಚಿಕೊಂಡು ಸಾಲಾಗಿರುತ್ತವೆ. ಖಾಲಿ ಜಾಗ ಸಿ ಡ್ರೈವ್‌ನ ಬಲಕ್ಕೆ ಅಂಟಿಕೊಂಡಿದ್ದರೆ ಮಾತ್ರ ವಿಂಡೋಸ್ ಅದನ್ನು ಸೇರಿಸಬಲ್ಲದು. ಹೆಚ್ಚಿನ ಕಂಪ್ಯೂಟರ್‌ಗಳಲ್ಲಿ ನಡುವೆ ರಿಕವರಿ ಎಂಬ ಪುಟ್ಟ ಪಾರ್ಟಿಷನ್ ಇರುತ್ತದೆ.

ಅದನ್ನು ಸರಿಸಲು ಜಿಪಾರ್ಟೆಡ್ ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ. ಡಿಸ್ಕ್‌ನ ಪೂರ್ತಿ ಜಾಗ ಬಳಕೆಯಾಗಿಲ್ಲ ಎಂಬ ಸೂಚನೆ ಬಂದರೆ ‘ಫಿಕ್ಸ್’ ಒತ್ತಿ. ಮೊದಲು ರಿಕವರಿ ಪಾರ್ಟಿಷನ್ ಅನ್ನು ಡಿಸ್ಕ್‌ನ ಕೊನೆಗೆ ಸರಿಸಿ, ಬಳಿಕ ಸಿ ಡ್ರೈವ್‌ನ ಬಲ ಅಂಚನ್ನು ಎಳೆದು ‘ಅಪ್ಲೈ’ ಒತ್ತಿರಿ. ರಿಕವರಿ ಪಾರ್ಟಿಷನ್ ಚಿಕ್ಕದಾದ್ದರಿಂದ ಅದನ್ನು ಸರಿಸಲು ಹೆಚ್ಚು ಹೊತ್ತು ಬೇಕಿಲ್ಲ. ಆದರೆ ಸಿ ಡ್ರೈವ್‌ನ ಬಲಕ್ಕೆ ದತ್ತಾಂಶ ತುಂಬಿದ ಡಿ ಡ್ರೈವ್ ಇದ್ದರೆ ಅದನ್ನು ಸರಿಸುವುದೆಂದರೆ ಅದರ ಒಳಗಿರುವುದನ್ನೆಲ್ಲ ಹೊಸ ಜಾಗದಲ್ಲಿ ಮತ್ತೆ ಬರೆಯುವುದು. ನಡುವೆ ವಿದ್ಯುತ್ ಹೋದರೆ ಆ ಪಾರ್ಟಿಷನ್ ಹಾಳಾಗಬಹುದು. ಸಿ ಡ್ರೈವ್‌ನಲ್ಲಿ ಜಾಗ ಸಾಲದೆಂಬ ಅನಿವಾರ್ಯತೆ ಇಲ್ಲದಿದ್ದರೆ ಡಿ ಡ್ರೈವ್ ಅನ್ನೇ ಹಿಗ್ಗಿಸಿ, ದೊಡ್ಡ ಕಡತಗಳನ್ನು ಅಲ್ಲಿ ಇಟ್ಟುಕೊಳ್ಳುವುದೇ ಕ್ಷೇಮ.

ಹಳೆಯ ಡಿಸ್ಕ್ ಅನ್ನು ತಕ್ಷಣ ಅಳಿಸಬೇಡಿ. ಒಂದೆರಡು ತಿಂಗಳು ಹೊಸದು ಸರಿಯಾಗಿ ನಡೆಯುವವರೆಗೆ ಅದೇ ನಿಮ್ಮ ಬ್ಯಾಕಪ್. ನಮ್ಮ ಮಳೆಗಾಲದ ತೇವದಲ್ಲಿ ಬೀರುವಿನೊಳಗೂ ಬೂಸ್ಟು ಹಿಡಿಯುವುದರಿಂದ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಟ್ಟಿರಿ. ಮುಂದೆ ಅದನ್ನು ಮಾರುವುದಾದರೆ ಕ್ವಿಕ್ ಫಾರ್ಮ್ಯಾಟ್ ಸಾಲದು. ಆ ಆಯ್ಕೆಯ ಗುರುತನ್ನು ತೆಗೆದು ಪೂರ್ಣ ಫಾರ್ಮ್ಯಾಟ್ ಮಾಡಿದರೆ ವಿಂಡೋಸ್ ಇಡೀ ಪಾರ್ಟಿಷನ್‌ನ ಮೇಲೆ ಸೊನ್ನೆಗಳನ್ನು ಬರೆಯುತ್ತದೆ.